ವೆಲ್ಡ್‌ಹೋವನ್‌ನಲ್ಲಿ ಬಾಡಿಗೆ ಮನೆ: ಮೊದಲು ಬೀದಿ ನೋಡಿ, ಆಮೇಲೆ ಮನೆ

ಪ್ರಶ್ನೆ: ನನ್ನ ಯಜಮಾನರಿಗೆ ನೆದರ್‌ಲ್ಯಾಂಡ್ಸ್‌ನ ವೆಲ್ಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿದೆ. ಮೂರು ತಿಂಗಳಲ್ಲಿ ಬೆಂಗಳೂರಿನಿಂದ ಹೊರಡಬೇಕು. ಮಗಳಿಗೆ ಮೂರೂವರೆ ವರ್ಷ. ಗಲಾಟೆ ಇಲ್ಲದ, ಮಕ್ಕಳಿರುವ ಸಂಸಾರಗಳೇ ಜಾಸ್ತಿ ಇರುವ ಬಡಾವಣೆಯಲ್ಲಿ ಬಾಡಿಗೆ ಮನೆ ಬೇಕು. ಯಾವ ಏರಿಯಾ ಒಳ್ಳೆಯದು? ಇಲ್ಲಿಂದಲೇ ಆನ್‌ಲೈನ್‌ನಲ್ಲಿ ನೋಡಿ ಮಾತು ಮುಗಿಸಬಹುದಾ? ಅಡ್ವಾನ್ಸ್ ಎಷ್ಟು ಕೇಳುತ್ತಾರೆ? ಯಾವುದಕ್ಕೆ ಹುಷಾರಾಗಿರಬೇಕು?

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ವರ್ಷಗಟ್ಟಲೆ ಇರಬೇಕಾದ ಮನೆಗೆ ಬೆಂಗಳೂರಿನಲ್ಲಿ ಕೂತು ಸಹಿ ಹಾಕಬೇಡಿ. ಕಂಪನಿಯವರು ಮೊದಲ ಕೆಲವು ವಾರ ತಂಗಲು ಜಾಗ ಕೊಡುತ್ತಾರಾ ಕೇಳಿ. ಕೊಟ್ಟರೆ ಇನ್ನೊಂದಷ್ಟು ವಾರ ಜಾಸ್ತಿ ಕೇಳಿ, ಅದನ್ನು ಬರಹದಲ್ಲಿ ಪಡೆಯಿರಿ. ಕೊಡದಿದ್ದರೆ ತಿಂಗಳ ಲೆಕ್ಕದಲ್ಲಿ ಸಿಗುವ ಸಜ್ಜಾದ ಅಪಾರ್ಟ್‌ಮೆಂಟ್ ಹಿಡಿಯಿರಿ. ದುಬಾರಿ ಅನಿಸುತ್ತದೆ, ನಿಜ. ಆದರೆ ತಪ್ಪು ಬೀದಿಯಲ್ಲಿ ಒಂದು ವರ್ಷ ಸಿಕ್ಕಿಹಾಕಿಕೊಳ್ಳುವುದು ಅದಕ್ಕಿಂತ ದುಬಾರಿ. ಆಗುವುದಾದರೆ ಯಜಮಾನರು ಮೊದಲು ಹೋಗಿ ಮನೆ ನೋಡಲಿ, ನೀವು ಮಗಳ ಜೊತೆ ಆಮೇಲೆ ಹೊರಡಿ.

ಇನ್ನು ಏರಿಯಾ. ವೆಲ್ಡ್‌ಹೋವನ್ ಐಂಡ್‌ಹೋವನ್ ನಗರಕ್ಕೆ ಅಂಟಿಕೊಂಡಿರುವ ಊರು. 1921ರಲ್ಲಿ ಅಕ್ಕಪಕ್ಕದ ಹಳ್ಳಿಗಳನ್ನು ಒಂದು ಮಾಡಿ ಇಂದಿನ ವೆಲ್ಡ್‌ಹೋವನ್ ಆಯಿತು. ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುವ ಎಎಸ್‌ಎಂಎಲ್ ಕಂಪನಿಯ ಮುಖ್ಯ ಕಚೇರಿ ಇಲ್ಲೇ, ದ ರುನ್ ಎಂಬ ಭಾಗದಲ್ಲಿದೆ. ಅದರಿಂದಾಗಿ ಕನ್ನಡದವರೂ ಈ ಸುತ್ತಮುತ್ತ ಸಾಕಷ್ಟು ಮಂದಿ ಇದ್ದಾರೆ. ಊರಿನ ಒಳಗಿನ ಹೈಕಾಂಟ್, ಕೊಬೇಕ್, ಝೊಂಡರ್‌ವಿಕ್, ಟ್‌ಲೋಕ್ ಕಡೆ ಕೆಲವು ದಶಕ ಹಳೆಯ ಸಾಲುಮನೆಗಳು ಜಾಸ್ತಿ. ಮರಗಳು ಬೆಳೆದು ನಿಂತಿವೆ, ಶಾಲೆ ನಡೆದು ಹೋಗುವಷ್ಟು ಹತ್ತಿರ. ಹೊಸದು ಬೇಕೆಂದರೆ ಪಕ್ಕದ ಮೇರ್‌ಹೋವನ್ ನೋಡಿ. ಅದು ಐಂಡ್‌ಹೋವನ್‌ಗೆ ಸೇರಿದ್ದು. ಹಳೆಯ ವೆಲ್‌ಸ್ಖಾಪ್ ವಿಮಾನ ಮೈದಾನದ ಜಾಗದಲ್ಲಿ 1990ರ ದಶಕದ ಕೊನೆಯಿಂದ ಕಟ್ಟಿದ ಬಡಾವಣೆ. ಗ್ರಾಸ್‌ರೈಕ್, ಝಾಂಡ್‌ರೈಕ್ ಎಂಬ ಅದರ ಭಾಗಗಳಲ್ಲಿ ಪುಟ್ಟ ಮಕ್ಕಳ ಸಂಸಾರಗಳು ತುಂಬಾ ಇವೆ. ದ ರುನ್‌ಗೆ ಸೈಕಲ್‌ನಲ್ಲಿ ಆರಾಮಾಗಿ ಹೋಗಿಬರಬಹುದು. ಪಕ್ಕದ ಊರು ವಾಲ್‌ರೆ ಇನ್ನೂ ಹಸಿರು, ಬಾಡಿಗೆಯೂ ಜಾಸ್ತಿ.

ಒಂದು ವಿಷಯ ಮುಂಚೆಯೇ ಯೋಚಿಸಿ. ವೆಲ್ಡ್‌ಹೋವನ್‌ಗೆ ರೈಲು ನಿಲ್ದಾಣ ಇಲ್ಲ. ನೀವೂ ಮುಂದೆ ಕೆಲಸಕ್ಕೆ ಹೋಗುವ ಮನಸ್ಸಿದ್ದು, ಆ ಕೆಲಸ ಉಟ್ರೆಖ್ಟ್ ಕಡೆಯೋ ಆಮ್‌ಸ್ಟರ್‌ಡ್ಯಾಮ್ ಕಡೆಯೋ ಸಿಗಬಹುದಾದರೆ ಬೆಸ್ಟ್ ಎಂಬ ಊರನ್ನೂ ಪಟ್ಟಿಗೆ ಸೇರಿಸಿ. ಅಲ್ಲಿ ನಿಲ್ದಾಣ ಇದೆ. ಮನೆ ಹುಡುಕುವಾಗ ಎಲ್ಲರೂ ಕೆಲಸ ಸಿಕ್ಕವರ ಆಫೀಸಿನ ದೂರ ಅಳೆಯುತ್ತಾರೆ. ಜೊತೆಗೆ ಬಂದವರ ದಿನ ಹೇಗೆ ಸಾಗುತ್ತದೆ ಅಂತ ಕೇಳುವವರು ಕಡಿಮೆ. ನಿಮ್ಮ ದಿನಕ್ಕೂ ಅಷ್ಟೇ ಬೆಲೆ ಇದೆ.

ಆದರೆ ಬಡಾವಣೆಯ ಹೆಸರು ಕೇಳಿ ಮನೆ ಹಿಡಿಯಬೇಡಿ. ಒಂದೇ ಬಡಾವಣೆಯಲ್ಲಿ ಒಂದು ಬೀದಿ ತಣ್ಣಗಿರುತ್ತದೆ, ಇನ್ನೊಂದು ಬೀದಿ ಬಸ್ಸಿನ ದಾರಿಯಾಗಿರುತ್ತದೆ. ನೆಮ್ಮದಿ ಇರುವುದು ಬೀದಿಯ ವಿನ್ಯಾಸದಲ್ಲಿ. ವೋನ್‌ಎರ್ಫ್ ಎಂಬ ಬೀದಿಗಳನ್ನು ಹುಡುಕಿ. ಈ ಪದ್ಧತಿ ಡೆಲ್ಫ್ಟ್ ನಗರದಲ್ಲಿ ಶುರುವಾಗಿ 1976ರಲ್ಲಿ ಕಾನೂನಿಗೆ ಸೇರಿತು. ಅಲ್ಲಿ ರಸ್ತೆಯ ಪೂರ್ತಿ ಅಗಲ ನಡೆಯುವವರದ್ದು, ಆಡುವ ಮಕ್ಕಳದ್ದು. ಕಾರು ನಡಿಗೆಯ ವೇಗದಲ್ಲಿ ಹೋಗಬೇಕು. ರಸ್ತೆ ನೇರ ಇರುವುದಿಲ್ಲ, ಬಳುಕುತ್ತದೆ. ನಡುವೆ ಗಿಡದ ಕಟ್ಟೆ, ಪಾರ್ಕಿಂಗ್ ಬರುತ್ತವೆ. ಬೀದಿಯ ಬಾಯಲ್ಲಿ ಮನೆ, ಆಡುವ ಮಗು, ಕಾರಿನ ಚಿತ್ರವಿರುವ ನೀಲಿ ಬೋರ್ಡ್ ಇರುತ್ತದೆ. ಇದನ್ನೆಲ್ಲ ನೀವು ಬೆಂಗಳೂರಿನಲ್ಲೇ ಗೂಗಲ್ ಸ್ಟ್ರೀಟ್ ವ್ಯೂ ತೆರೆದು ನೋಡಬಹುದು. ಮಗಳು ಮಲಗಿದ ಮೇಲೆ ಒಂದೊಂದು ಬೀದಿ ಸುತ್ತಿ ಬನ್ನಿ, ಕಣ್ಣು ಪಳಗುತ್ತದೆ. ಎ2 ಹೆದ್ದಾರಿ ಎಷ್ಟು ದೂರ, ಐಂಡ್‌ಹೋವನ್ ವಿಮಾನ ನಿಲ್ದಾಣದ ರನ್‌ವೇ ಯಾವ ದಿಕ್ಕಿಗಿದೆ ಎನ್ನುವುದನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ರನ್‌ವೇಯ ನೇರಕ್ಕೆ ಬರುವ ಮನೆಗೆ ವಿಮಾನದ ಸದ್ದು ತಪ್ಪುವುದಿಲ್ಲ.

ಅಲ್ಲಿಗೆ ಹೋದ ಮೇಲೆ ಬೀದಿಯನ್ನು ಎರಡು ಹೊತ್ತಿನಲ್ಲಿ ನೋಡಿ. ಒಂದು, ಶಾಲೆ ಬಿಡುವ ಮಧ್ಯಾಹ್ನ. ಇನ್ನೊಂದು, ರಾತ್ರಿ ಊಟದ ನಂತರ. ಹಿತ್ತಲಲ್ಲಿ ಟ್ರ್ಯಾಂಪೊಲಿನ್, ಕಾಲುದಾರಿಯ ಮೇಲೆ ಬಣ್ಣದ ಸೀಮೆಸುಣ್ಣದ ಚಿತ್ರ, ಬಾಗಿಲ ಮುಂದೆ ಚಿಕ್ಕ ಸೈಕಲ್‌ಗಳು ಕಂಡರೆ ಅದು ಮಕ್ಕಳ ಬೀದಿ. ಯಾವ ಏಜೆಂಟ್ ಕೊಡುವ ವಿವರಕ್ಕಿಂತ ಈ ಗುರುತುಗಳನ್ನು ನಾನು ಜಾಸ್ತಿ ನಂಬುತ್ತೇನೆ.

ಶಾಲೆಯ ವಿಷಯ ಮನೆಗಿಂತ ಮೊದಲು ತೀರ್ಮಾನ ಆಗಬೇಕು, ಏಕೆಂದರೆ ನಿಮ್ಮ ಮಗಳಿಗೆ ಸಮಯ ಹತ್ತಿರ ಬಂದಿದೆ. ಅಲ್ಲಿ ಮಕ್ಕಳು ನಾಲ್ಕು ತುಂಬಿದ ಕೂಡಲೇ ಶಾಲೆಗೆ ಸೇರುತ್ತಾರೆ. ಐದು ತುಂಬಿದ ಮೇಲೆ ಕಡ್ಡಾಯ. ಸರ್ಕಾರದ ಹಣದಲ್ಲಿ ನಡೆಯುವ ಪ್ರಾಥಮಿಕ ಶಾಲೆಗಳಿಗೆ ಶುಲ್ಕ ಇಲ್ಲ. ಪೋಷಕರ ದೇಣಿಗೆ ಅಂತ ಕೇಳುವುದು ಐಚ್ಛಿಕ. ಬ್ರಾಬಾಂಟ್ ಪ್ರಾಂತ್ಯದಲ್ಲಿ ಅನೇಕ ಶಾಲೆಗಳ ಹೆಸರಲ್ಲಿ ಕ್ಯಾಥೊಲಿಕ್ ಅಂತ ಇರುತ್ತದೆ. ಅದನ್ನು ನೋಡಿ ಹಿಂಜರಿಯಬೇಡಿ, ಎಲ್ಲ ಧರ್ಮದ ಮಕ್ಕಳೂ ಅಲ್ಲಿ ಕಲಿಯುತ್ತಾರೆ. ಇಂಗ್ಲಿಷ್‌ನಲ್ಲೇ ಓದಿಸಬೇಕೆಂದರೆ ಇಂಟರ್‌ನ್ಯಾಷನಲ್ ಸ್ಕೂಲ್ ಐಂಡ್‌ಹೋವನ್ ಇದೆ. ಸರ್ಕಾರದ ನೆರವು ಇರುವುದರಿಂದ ಪೂರ್ತಿ ಖಾಸಗಿ ಶಾಲೆಗಳಿಗಿಂತ ಶುಲ್ಕ ಕಡಿಮೆ. ಆದರೂ ವರ್ಷಕ್ಕೆ ಸಾವಿರಾರು ಯೂರೊ ಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಮೂರ್ನಾಲ್ಕು ವರ್ಷಕ್ಕಿಂತ ಜಾಸ್ತಿ ಇರುವ ಯೋಚನೆ ಇದ್ದರೆ ಬೀದಿಯ ಕೊನೆಯ ಡಚ್ ಶಾಲೆಗೇ ಸೇರಿಸಿ. ನಾಲ್ಕರ ವಯಸ್ಸಿನ ಮಗು ಭಾಷೆಯನ್ನು ಬೇಗ ಹಿಡಿಯುತ್ತದೆ. ಅದಕ್ಕಿಂತ ಮುಖ್ಯ, ಶಾಲೆಯ ಗೆಳೆಯರು ಅಕ್ಕಪಕ್ಕದ ಮನೆಯಲ್ಲೇ ಇರುತ್ತಾರೆ. ಶಾಲೆಯ ಗೇಟಿನ ಮುಂದೆ ನಿಮಗೂ ನಾಲ್ಕು ಜನ ಪರಿಚಯ ಆಗುತ್ತಾರೆ. ಹೊಸ ದೇಶದ ಮೊದಲ ಚಳಿಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಹಾಗಾಗಿ ಮೊದಲು ಎರಡು ಮೂರು ಶಾಲೆ ಆರಿಸಿ, ಜಾಗ ಇದೆಯಾ ಅಂತ ಇಮೇಲ್ ಮಾಡಿ. ಆಮೇಲೆ ಅವುಗಳ ಸುತ್ತ ನಡೆದು ಹೋಗುವ ದೂರದಲ್ಲಿ ಮನೆ ಹುಡುಕಿ.

ಮನೆಗಳ ಜಾಹೀರಾತುಗಳು ಬಹುತೇಕ ಫಂಡಾ ಮತ್ತು ಪರಾರಿಯಸ್ ಎಂಬ ವೆಬ್‌ಸೈಟ್‌ಗಳಲ್ಲಿ ಬರುತ್ತವೆ. ಬಾಡಿಗೆ ಕಡಿಮೆ ಇರುವ ಸಾಮಾಜಿಕ ವಸತಿಗೆ ವರ್ಷಗಟ್ಟಲೆ ಸರದಿ ಇದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಜಾಹೀರಾತಿನಲ್ಲಿ ಮೂರು ಪದ ನೋಡಬೇಕು. ಕಾಲ್ ಅಂದರೆ ಬರೀ ಗೋಡೆ. ನೆಲಹಾಸು, ಪರದೆ, ಎಷ್ಟೋ ಸಲ ದೀಪವೂ ಇರುವುದಿಲ್ಲ, ಸಿಮೆಂಟಿನ ನೆಲ ಇರುತ್ತದೆ. ಗೆಸ್ಟೊಫೇರ್ಡ್ ಅಂದರೆ ನೆಲಹಾಸು, ಪರದೆ ಇರುತ್ತವೆ. ಗೆಮ್ಯೂಬಿಲೇರ್ಡ್ ಅಂದರೆ ಪೀಠೋಪಕರಣವೂ ಇದೆ. ನಿಮಗೆ ನಡುವಿನದ್ದು ಸರಿ. ಕಾಲ್ ಮನೆಯ ಬಾಡಿಗೆ ಕಡಿಮೆ ಕಾಣುತ್ತದೆ, ಆದರೆ ಮೂರು ಅಂತಸ್ತಿನ ಸಾಲುಮನೆಗೆ ನೆಲ ಹಾಕಿಸುವ ಖರ್ಚು ಆ ಉಳಿತಾಯವನ್ನು ನುಂಗಿಬಿಡುತ್ತದೆ. ಬಿಟ್ಟು ಹೋಗುವಾಗ ಅದನ್ನು ಕಿತ್ತು ಹೋಗಿ ಅಂತಲೂ ಹೇಳಬಹುದು.

ಮನೆ ಒಳಗೆ ನೋಡುವಾಗ ಮೆಟ್ಟಿಲ ಮೇಲೆ ಗಮನ ಇರಲಿ. ಕೆಳಗೆ ಹಾಲ್ ಮತ್ತು ಅಡುಗೆಮನೆ, ಮೇಲೆ ಮಲಗುವ ಕೋಣೆಗಳು, ಅದರ ಮೇಲೆ ಅಟ್ಟ. ವಾಷಿಂಗ್ ಮೆಷಿನ್ ಬಹುಪಾಲು ಅಟ್ಟದಲ್ಲೇ ಇರುತ್ತದೆ. ಮೆಟ್ಟಿಲು ಕಡಿದು, ಸುರುಳಿ. ಮೂರೂವರೆ ವರ್ಷದ ಮಗುವಿಗೂ, ಊರಿಂದ ಬರುವ ಅಜ್ಜಿ ತಾತನಿಗೂ ಅದು ಸುಲಭ ಅಲ್ಲ. ಸುರಕ್ಷತಾ ಗೇಟು ಹಾಕಲು ಅವಕಾಶ ಇದೆಯಾ ಕೇಳಿಕೊಳ್ಳಿ.

ಅಡುಗೆಮನೆಯಲ್ಲಿ ಚಿಮಣಿಯ ಗಾಳಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಲೇಬೇಕು. ಕೆಲವು ಮನೆಯಲ್ಲಿ ಅದು ಪೈಪಿನ ಮೂಲಕ ಹೊರಗೆ ಹೋಗುತ್ತದೆ. ಕೆಲವದರಲ್ಲಿ ಫಿಲ್ಟರ್ ದಾಟಿ ಮತ್ತೆ ಮನೆಯೊಳಗೇ ಬರುತ್ತದೆ. ದಿನಾ ಒಗ್ಗರಣೆ ಹಾಕುವ ನಮ್ಮಂಥವರಿಗೆ ಮೊದಲನೆಯದೇ ಬೇಕು, ಅದರಲ್ಲೂ ಅಡುಗೆಮನೆ ಹಾಲ್‌ಗೆ ತೆರೆದಿರುವಾಗ. 2018ರ ಜುಲೈ ನಂತರ ಅನುಮತಿ ಪಡೆದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ಇರುವುದಿಲ್ಲ. ಹಳೆಯ ಮನೆಗಳಲ್ಲೂ ಇಂಡಕ್ಷನ್ ಒಲೆ ಜಾಸ್ತಿಯಾಗುತ್ತಿದೆ. ಅಲ್ಯೂಮಿನಿಯಂ ಕುಕ್ಕರ್ ಹೊತ್ತುಕೊಂಡು ಹೋಗಬೇಡಿ, ಅದು ಇಂಡಕ್ಷನ್ ಮೇಲೆ ನಡೆಯುವುದಿಲ್ಲ. ಬೀಡಿನ ದೋಸೆ ಕಾವಲಿ ಮಾತ್ರ ಧಾರಾಳವಾಗಿ ಒಯ್ಯಿರಿ.

ಮನೆಗೆ ಶಾಖ, ವಿದ್ಯುತ್ ಎಷ್ಟು ಬೇಕಾಗುತ್ತದೆ ಅಂತ ಹೇಳುವ ದರ್ಜೆಗೆ ಎನರ್ಜಿ ಲೇಬಲ್ ಅನ್ನುತ್ತಾರೆ. ಅದು ಎ ಅಥವಾ ಬಿ ಇರುವ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಒಪ್ಪಿ. ಹಳೆಯ, ಇ ಅಥವಾ ಎಫ್ ಲೇಬಲ್‌ನ ಮನೆಯಲ್ಲಿ ಚಳಿಗಾಲದ ಬಿಲ್ ಆ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಸದ್ದಿನ ವಿಷಯದಲ್ಲೂ ಹಾಗೇ. 60ರ, 70ರ ದಶಕದ ಸಾಲುಮನೆಗಳಲ್ಲಿ ಪಕ್ಕದವರ ಮೆಟ್ಟಿಲ ಸದ್ದು ಕೇಳಿಸುವುದುಂಟು. ಮನೆ ನೋಡುವಾಗ ಎರಡು ನಿಮಿಷ ಯಾರೂ ಮಾತಾಡದೆ ಗೋಡೆ ಪಕ್ಕ ನಿಂತು ಕಿವಿಗೊಡಿ.

ಈಗ ದುಡ್ಡು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಇದು ಖುಷಿಯ ಸುದ್ದಿ. 2023ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಠೇವಣಿ ಎರಡು ತಿಂಗಳ ಮೂಲ ಬಾಡಿಗೆಯನ್ನು, ಅಂದರೆ ಬೇರೆ ಖರ್ಚು ಸೇರದ ಬರೀ ಮನೆ ಬಾಡಿಗೆಯನ್ನು, ಮೀರುವ ಹಾಗಿಲ್ಲ. ಮನೆ ಬಿಟ್ಟ ಮೇಲೆ ಕಡಿತ ಏನೂ ಇಲ್ಲದಿದ್ದರೆ 14 ದಿನದಲ್ಲಿ ವಾಪಸ್ ಕೊಡಬೇಕು. ಕಡಿತ ಇದ್ದರೆ ಲೆಕ್ಕ ತೋರಿಸಿ 30 ದಿನದಲ್ಲಿ ಕೊಡಬೇಕು. ಮೂಲ ಬಾಡಿಗೆ 2,000 ಯೂರೊ ಅಂದುಕೊಳ್ಳಿ. ಮೊದಲ ತಿಂಗಳ ಬಾಡಿಗೆ ಸೇರಿಸಿ ಆರಂಭದಲ್ಲಿ 6,000 ಯೂರೊ ಕೈಯಲ್ಲಿರಬೇಕು. ಸಂಬಳವೂ ನೋಡುತ್ತಾರೆ. ಬಾಡಿಗೆಯ ಮೂರು ಪಟ್ಟು, ಕೆಲವರು ನಾಲ್ಕು ಪಟ್ಟು ತಿಂಗಳ ಒಟ್ಟು ಸಂಬಳ ಇರಬೇಕು ಅನ್ನುತ್ತಾರೆ. ಉದ್ಯೋಗ ಪತ್ರ, ಕಂಪನಿಯ ಸಂಬಳದ ದೃಢೀಕರಣ, ಪಾಸ್‌ಪೋರ್ಟ್ ಪ್ರತಿ, ನಿಮ್ಮ ಕುಟುಂಬದ ಬಗ್ಗೆ ನಾಲ್ಕು ಸಾಲು ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಒಳ್ಳೆಯ ಮನೆ ಎರಡು ದಿನದಲ್ಲಿ ಹೋಗಿಬಿಡುತ್ತದೆ.

ಏಜೆಂಟ್ ಮಾಲೀಕರ ಪರ ಕೆಲಸ ಮಾಡುತ್ತಿದ್ದರೆ ನಿಮ್ಮಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಕಾಂಟ್ರಾಕ್ಟ್ ಖರ್ಚು, ಆಡಳಿತ ಖರ್ಚು ಅಂತ ಬೇರೆ ಹೆಸರಿಟ್ಟು ಕೇಳಿದರೂ ಅಷ್ಟೇ. ನೀವೇ ನಿಮ್ಮ ಪರವಾಗಿ ಹುಡುಕಲು ಒಬ್ಬರನ್ನು ನೇಮಿಸಿಕೊಂಡರೆ ಅವರಿಗೆ ಕೊಡುವುದು ಬೇರೆ ಮಾತು. ಬಾಡಿಗೆ ಜೊತೆಗೆ ವಿದ್ಯುತ್, ಶಾಖ, ನೀರು, ಇಂಟರ್ನೆಟ್ ಇದ್ದೇ ಇರುತ್ತವೆ. ಜೊತೆಗೆ ಊರಿನ ಕಸದ ತೆರಿಗೆ, ದ ಡೊಮ್ಮೆಲ್ ಎಂಬ ಜಲಮಂಡಳಿಯ ತೆರಿಗೆ ಬಾಡಿಗೆದಾರರ ಹೆಸರಿಗೇ ಬರುತ್ತವೆ. ಅದಕ್ಕೆ ವರ್ಷಕ್ಕೆ ಕೆಲವು ನೂರು ಯೂರೊ ತೆಗೆದಿಡಿ.

ಇಷ್ಟೆಲ್ಲದರಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವುದು ಕರಾರಿನ ಬಗ್ಗೆ. ನಮಗೆ 11 ತಿಂಗಳ ಅಗ್ರಿಮೆಂಟ್ ಸಹಜ ಅನಿಸುತ್ತದೆ. ಅಲ್ಲಿ ಒಂದು ವರ್ಷ, ಎರಡು ವರ್ಷ ಅಂತ ಕಾಗದ ಕೊಟ್ಟರೆ ಸುಮ್ನೆ ಸಹಿ ಹಾಕಿಬಿಡುತ್ತೇವೆ. ಹಾಗೆ ಮಾಡಬೇಡಿ. 2024ರ ಜುಲೈ 1ರಿಂದ ಅವಧಿ ಇಲ್ಲದ, ಕಾಯಂ ಕರಾರೇ ನಿಯಮ. ಕಾಗದದಲ್ಲಿ ಒನ್‌ಬೆಪಾಲ್ಡೆ ಟೈಡ್, ಅಂದರೆ ಅನಿರ್ದಿಷ್ಟ ಅವಧಿ, ಅಂತ ಬರೆದಿರಬೇಕು. ತಾತ್ಕಾಲಿಕ ಕರಾರು ವಿದ್ಯಾರ್ಥಿಗಳಂಥ ಕೆಲವರಿಗೆ ಮಾತ್ರ. ಕಾಯಂ ಕರಾರು ಇದ್ದರೆ ಮಾಲೀಕರು ಕಾನೂನು ಹೇಳಿದ ಕಾರಣಕ್ಕೆ ಬಿಟ್ಟು ನಿಮ್ಮನ್ನು ಎಬ್ಬಿಸಲು ಆಗುವುದಿಲ್ಲ. ಮನೆ ಮಾರಿದರೂ ಹೊಸ ಮಾಲೀಕರು ನಿಮ್ಮ ಕರಾರಿಗೆ ಬದ್ಧರು. ಮಗಳು ಶಾಲೆ, ಗೆಳೆಯರು, ಬೀದಿ ಎಲ್ಲಕ್ಕೂ ಹೊಂದಿಕೊಂಡ ಮೇಲೆ ಜಾಗ ಬದಲಿಸುವ ಸಂಕಟ ಇದರಿಂದ ತಪ್ಪುತ್ತದೆ.

ಒಂದು ಅಪವಾದ ಗೊತ್ತಿರಲಿ. ಕೆಲಸದ ಮೇಲೆ ಕೆಲವು ವರ್ಷ ವಿದೇಶಕ್ಕೆ ಹೋಗುವವರು ತಮ್ಮ ಸ್ವಂತ ಮನೆಯನ್ನು ಬಾಡಿಗೆಗೆ ಕೊಡುತ್ತಾರೆ. ಅವರು ವಾಪಸ್ ಬಂದಾಗ ಬಿಟ್ಟುಕೊಡಬೇಕೆಂಬ ಡಿಪ್ಲೊಮ್ಯಾಟ್ ಷರತ್ತು ಅದರಲ್ಲಿರುತ್ತದೆ, ಕಾನೂನು ಅದನ್ನು ಒಪ್ಪುತ್ತದೆ. ಸಂಸಾರಗಳ ಬಡಾವಣೆಗಳಲ್ಲಿ ತೋಟವಿರುವ ಚಂದದ ಮನೆಗಳು ಹೀಗೆ ಸಿಗುತ್ತವೆ. ನಿಮ್ಮದೂ ಎರಡು ಮೂರು ವರ್ಷದ ಯೋಜನೆಯಾದರೆ ಧೈರ್ಯವಾಗಿ ತೆಗೆದುಕೊಳ್ಳಿ. ನೆಲೆಯೂರುವ ಮನಸ್ಸಿದ್ದರೆ ಬೇಡ.

ಕಾಯಂ ಕರಾರಿನಲ್ಲೂ ಕನಿಷ್ಠ 12 ತಿಂಗಳು ಇರಬೇಕು ಎಂಬ ಷರತ್ತು ಸಾಮಾನ್ಯ. ಅದಾದ ಮೇಲೆ ನೀವು ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಕಂಪನಿ ಬೇರೆ ಊರಿಗೆ ಕಳಿಸಿದರೆ, ಕೆಲಸ ಹೋದರೆ ಮೊದಲ ವರ್ಷದಲ್ಲೂ ಬಿಡಲು ಅವಕಾಶ ಇರಬೇಕು ಅಂತ ಒಂದು ಸಾಲು ಸೇರಿಸಲು ಕೇಳಿ. ಎಷ್ಟೋ ಮಾಲೀಕರು ಒಪ್ಪುತ್ತಾರೆ, ಕೇಳುವವರು ಕಡಿಮೆ. ಬಾಡಿಗೆ ಏರಿಕೆ ವರ್ಷಕ್ಕೆ ಒಂದೇ ಸಲ, ಅದೂ ಸರ್ಕಾರದ ಮಿತಿಯೊಳಗೆ. ಮುಕ್ತ ವಲಯದ ಮನೆಗಳಿಗೆ, ಅಂದರೆ ಆರಂಭದ ಬಾಡಿಗೆಗೆ ಕಾನೂನಿನ ಗರಿಷ್ಠ ಇಲ್ಲದ ಮನೆಗಳಿಗೆ, 2025ರಲ್ಲಿ ಆ ಮಿತಿ 4.1% ಇತ್ತು.

ಅಂಕ ಪದ್ಧತಿ ಎಂಬುದೂ ಒಂದಿದೆ. ಮನೆಯ ವಿಸ್ತೀರ್ಣ, ಎನರ್ಜಿ ಲೇಬಲ್, ಸರ್ಕಾರಿ ಮೌಲ್ಯ ಇವಕ್ಕೆಲ್ಲ ಅಂಕ ಕೊಡುತ್ತಾರೆ. 186 ಅಂಕದವರೆಗಿನ ಮನೆಗೆ ಗರಿಷ್ಠ ಬಾಡಿಗೆ ಕಾನೂನಿನಲ್ಲೇ ನಿಗದಿ. 2025ರ ಜನವರಿಯಿಂದ ಹೊಸ ಕರಾರಿನ ಜೊತೆ ಅಂಕದ ಲೆಕ್ಕ ಕೊಡುವುದು ಮಾಲೀಕರ ಹೊಣೆ. ದೊಡ್ಡ ಸಾಲುಮನೆಗಳು ಸಾಮಾನ್ಯವಾಗಿ 187 ದಾಟುತ್ತವೆ. ಚಿಕ್ಕ ಮನೆ, ಕೆಟ್ಟ ಲೇಬಲ್, ಆದರೂ ಬಾಡಿಗೆ ಜಾಸ್ತಿ ಅನಿಸಿದರೆ ಕರಾರು ಶುರುವಾದ ಆರು ತಿಂಗಳೊಳಗೆ ಹ್ಯೂರ್‌ಕಮಿಸಿ ಎಂಬ ಬಾಡಿಗೆ ಸಮಿತಿಗೆ ದೂರು ಕೊಡಿ. ಬಾಡಿಗೆದಾರರಿಗೆ ಶುಲ್ಕ 25 ಯೂರೊ. ದೂರು ಕೊಟ್ಟಿದ್ದಕ್ಕೆ ಮನೆ ಬಿಡಿಸಲು ಆಗುವುದಿಲ್ಲ, ಕಾಯಂ ಕರಾರು ಇದ್ದರೆ.

ಮೋಸದ ಗುರುತುಗಳು ಬಹುಪಾಲು ಒಂದೇ ತರಹ ಇರುತ್ತವೆ. ಮಾಲೀಕರು ವಿದೇಶದಲ್ಲಿದ್ದಾರೆ, ದುಡ್ಡು ಕಳಿಸಿದರೆ ಕೀಲಿ ಅಂಚೆಯಲ್ಲಿ ಬರುತ್ತದೆ, ಬಾಡಿಗೆ ಅಕ್ಕಪಕ್ಕದ ಮನೆಗಳಿಗಿಂತ ತುಂಬಾ ಕಡಿಮೆ. ಹೀಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಆ ದೇಶದ ಭೂದಾಖಲೆ ಕಚೇರಿ ಕಡಾಸ್ಟರ್‌ನಲ್ಲಿ ಕೆಲವೇ ಯೂರೊ ಕೊಟ್ಟು ಮನೆಯ ಮಾಲೀಕರು ಯಾರೆಂದು ಆನ್‌ಲೈನ್‌ನಲ್ಲಿ ನೋಡಬಹುದು. ಪಾಸ್‌ಪೋರ್ಟ್ ಪ್ರತಿ ಕಳಿಸುವಾಗ ಕೊಪಿಐಡಿ ಎಂಬ ಸರ್ಕಾರಿ ಆ್ಯಪ್ ಬಳಸಿ, ನಂಬರ್‌ಗಳನ್ನು ಮರೆಮಾಡಿ, ಯಾರಿಗೆ ಯಾಕೆ ಕೊಟ್ಟದ್ದು ಅಂತ ಅದರ ಮೇಲೇ ಬರೆಯಿರಿ.

ಈ ವಿಳಾಸದಲ್ಲಿ ಹೆಸರು ನೋಂದಾಯಿಸಬೇಡಿ ಅಂತ ಯಾರಾದರೂ ಹೇಳಿದರೆ ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡ. ದೇಶಕ್ಕೆ ಬಂದ ಐದು ದಿನದೊಳಗೆ ಊರಿನ ಗೆಮೇಂಟೆಯಲ್ಲಿ, ಅಂದರೆ ಪುರಸಭೆಯಲ್ಲಿ, ನೋಂದಣಿ ಆಗಬೇಕು. ಬಿಎಸ್‌ಎನ್ ಎಂಬ ನಾಗರಿಕ ಗುರುತಿನ ನಂಬರ್ ಸಿಗುವುದು ಅಲ್ಲೇ. ಸಂಬಳ, ಬ್ಯಾಂಕ್, ಆರೋಗ್ಯ ವಿಮೆ, ಮಗಳ ಶಾಲೆ ಎಲ್ಲವೂ ಆ ನಂಬರ್ ಹಿಂದೆ ನಿಂತಿವೆ. ತಾತ್ಕಾಲಿಕ ಮನೆಗೂ ಇದೇ ಮಾತು, ಬುಕ್ ಮಾಡುವ ಮೊದಲೇ ಕೇಳಿ.

ಕೀಲಿ ತೆಗೆದುಕೊಳ್ಳುವ ದಿನ ಪ್ರತಿ ಕೋಣೆಯ ಫೋಟೊ, ಮೀಟರ್‌ಗಳ ಫೋಟೊ ತೆಗೆದು ಅದೇ ಸಂಜೆ ಮಾಲೀಕರಿಗೆ ಇಮೇಲ್ ಮಾಡಿ. ಗೋಡೆಯ ಚಿಕ್ಕ ಗೀಟನ್ನೂ ಬಿಡಬೇಡಿ. ಠೇವಣಿ ಜಗಳಗಳು ಬಹುತೇಕ ಈ ಫೋಟೊ ಇಲ್ಲದೆ ಹುಟ್ಟುತ್ತವೆ. ತೋಟದ ಹುಲ್ಲು ಕತ್ತರಿಸುವುದು, ಬೇಲಿ ಸವರುವುದು, ಬಲ್ಬು, ನಲ್ಲಿಯ ವಾಷರ್ ಇಂಥ ಸಣ್ಣ ಕೆಲಸ ಬಾಡಿಗೆದಾರರದ್ದು. ಬಾಯ್ಲರ್ ಕೆಟ್ಟರೆ, ಸೂರು ಸೋರಿದರೆ ಮಾಲೀಕರದ್ದು. ಗಾಳಿಯಾಡಿಸುವ ಯಂತ್ರವನ್ನು ಚಳಿಗೆ ಹೆದರಿ ಆಫ್ ಮಾಡಬೇಡಿ. ಅನ್ನ ಸಾರಿನ ಹಬೆ ಹೊರಗೆ ಹೋಗದೆ ಗೋಡೆಗೆ ಬೂಷ್ಟು ಬಂದರೆ ತಪ್ಪು ನಿಮ್ಮ ಮೇಲೆ ಬರುತ್ತದೆ.

ನೀವು ಬೆಂಗಳೂರಿನಲ್ಲೇ ಮಾಡಿ ಮುಗಿಸಬೇಕಾದ ಕೆಲಸ ಒಂದಿದೆ, ಅದನ್ನು ಈ ವಾರವೇ ಶುರುಮಾಡಿ. ಮೂವರ ಜನನ ಪ್ರಮಾಣಪತ್ರ ಮತ್ತು ನಿಮ್ಮ ವಿವಾಹ ನೋಂದಣಿ ಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲೂ ಒಪ್ಪುವ ದೃಢೀಕರಣ ಮುದ್ರೆ, ಹಾಕಿಸಬೇಕು. ಅದಕ್ಕೂ ಮೊದಲು ರಾಜ್ಯ ಮಟ್ಟದ ದೃಢೀಕರಣ ಆಗಬೇಕಾಗುತ್ತದೆ. ಹೆಸರಿನ ಅಕ್ಷರಗಳು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇವೆಯಾ ನೋಡಿ. ತಪ್ಪಿದ್ದರೆ ಈಗಲೇ ತಿದ್ದಿಸಿ, ಅಲ್ಲಿಗೆ ಹೋದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಹಿಡಿಯುತ್ತದೆ. ಮಗಳ ಲಸಿಕೆ ಪುಸ್ತಕವನ್ನೂ ಅದೇ ಫೈಲಿನಲ್ಲಿ ಇಡಿ, ಅಲ್ಲಿನ ಮಕ್ಕಳ ಆರೋಗ್ಯ ಕೇಂದ್ರದವರು ಕೇಳುತ್ತಾರೆ.